ಷೇಕ್ಸ್‌ಪಿಯರ್ ಕಾಲದ ಇಂಗ್ಲಿಷ್ ನಾಟಕಗಳಲ್ಲಿ ಹೆಣ್ಣು ಮತ್ತು ಕಟ್ಟುಪಾಡು: ಪದೇ ಪದೇ ಕೇಳುವ ಪ್ರಶ್ನೆಗಳು

1576ರಲ್ಲಿ ಜೇಮ್ಸ್ ಬರ್ಬೇಜ್ ಲಂಡನ್ನಿನ ಹೊರವಲಯದಲ್ಲಿ ನಾಟಕಕ್ಕೆಂದೇ ಒಂದು ಕಟ್ಟಡ ಎಬ್ಬಿಸಿದ. 1642ರಲ್ಲಿ ಪಾರ್ಲಿಮೆಂಟು ನಾಟಕಶಾಲೆಗಳಿಗೆ ಬೀಗ ಹಾಕಿಸಿತು. ಇಲ್ಲಿನ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಈ ಅವಧಿಗೆ ಸೇರಿದವು. ಇಂಗ್ಲಿಷ್ ಎಂ.ಎ. ಓದುವವರು, ಹವ್ಯಾಸಿ ರಂಗತಂಡದವರು, ಷೇಕ್ಸ್‌ಪಿಯರನನ್ನು ಕನ್ನಡದಲ್ಲಿ ಓದಿ ಮುಂದೇನು ಎಂದು ಹುಡುಕುವವರು ಇವನ್ನು ಕೇಳುತ್ತಿರುತ್ತಾರೆ. ಕೆಲವಕ್ಕೆ ನಾಲ್ಕು ಸಾಲು ಸಾಕು, ಕೆಲವಕ್ಕೆ ಸಾಲದು.

ಆ ಕಾಲದ ಇಂಗ್ಲೆಂಡಿನಲ್ಲಿ ಹೆಣ್ಣಿನ ಮೇಲಿದ್ದ ಕಟ್ಟುಪಾಡುಗಳು ಯಾವುವು?

ಉಪದೇಶಕರು ಹೆಣ್ಣಿಗೆ ಮೂರು ಗುಣ ಗೊತ್ತುಮಾಡಿದ್ದರು: ಶೀಲ, ಮೌನ, ವಿಧೇಯತೆ. 1563ರಲ್ಲಿ ಹೊರಬಂದ ಅಧಿಕೃತ ಪ್ರವಚನ ಸಂಗ್ರಹದಲ್ಲಿ ದಾಂಪತ್ಯದ ಬಗ್ಗೆಯೇ ಒಂದು ಪ್ರವಚನವಿತ್ತು. ಹೆಂಡತಿ ಗಂಡನಿಗಿಂತ ದುರ್ಬಲಳು, ಅವನಿಗೆ ತಗ್ಗಿ ನಡೆಯತಕ್ಕವಳು ಎಂಬ ಮಾತು ಚರ್ಚುಗಳಲ್ಲಿ ಜನರ ಕಿವಿಗೆ ಬೀಳುತ್ತಲೇ ಇತ್ತು.

ಕಾನೂನು ಇನ್ನೂ ಬಿಗಿ. ಮದುವೆಯಾದೊಡನೆ ಗಂಡಹೆಂಡಿರು ಒಂದೇ ವ್ಯಕ್ತಿ, ಆ ವ್ಯಕ್ತಿ ಗಂಡ. ಇದಕ್ಕೆ ಕವರ್ಚರ್ ಎಂದು ಹೆಸರು. ಹೆಂಡತಿಯ ಹಣ, ಒಡವೆ, ಬಟ್ಟೆಬರೆ ಗಂಡನದಾಗುತ್ತಿತ್ತು. ಅವಳು ಸ್ವಂತ ಹೆಸರಿನಲ್ಲಿ ಕರಾರು ಮಾಡುವಂತಿರಲಿಲ್ಲ, ದಾವೆ ಹೂಡುವಂತಿರಲಿಲ್ಲ. ಪ್ರಾಪ್ತ ವಯಸ್ಸಿನ ಅವಿವಾಹಿತೆಗೂ ವಿಧವೆಗೂ ಈ ತಡೆ ಇರಲಿಲ್ಲ. ವಿಧವೆಗಂತೂ ಗಂಡನ ಭೂಮಿಯ ಮೂರನೆಯ ಒಂದು ಪಾಲಿನ ಮೇಲೆ ಬದುಕಿರುವಷ್ಟು ಕಾಲ ಹಕ್ಕಿತ್ತು. ಆ ಕಾಲದ ನಾಟಕಗಳಲ್ಲಿ ವಿಧವೆಯ ಮರುಮದುವೆ ಎಂದರೆ ಯಾಕಷ್ಟು ರಂಪ ಎಂಬುದಕ್ಕೆ ಇಲ್ಲೇ ಉತ್ತರವಿದೆ: ಅವಳ ಕೈಯಲ್ಲಿ ಆಸ್ತಿಯೂ ಇತ್ತು, ಸಹಿಯೂ ಇತ್ತು.

ಮೂರು ಗುಣಗಳಲ್ಲಿ ರಂಗಭೂಮಿಗೆ ಒಗ್ಗದ್ದು ಮೌನ. ಶೀಲವತಿಯನ್ನು ಇಟ್ಟುಕೊಂಡು ನಾಟಕ ಬರೆಯಬಹುದು, ವಿಧೇಯಳನ್ನು ಇಟ್ಟುಕೊಂಡೂ ಬರೆಯಬಹುದು. ಬಾಯಿಯನ್ನೇ ತೆರೆಯದವಳನ್ನು ಇಟ್ಟುಕೊಂಡು ಐದು ಅಂಕ ಎಳೆಯಲಾಗದು. ಬೆನ್ ಜಾನ್ಸನ್ 1609ರ 'ಎಪಿಸೀನ್'ನಲ್ಲಿ ಇದನ್ನೇ ತಮಾಷೆ ಮಾಡಿದ. ಸದ್ದು ಸಹಿಸದ ಮುದುಕನೊಬ್ಬ ಮಾತಾಡದ ಹೆಣ್ಣನ್ನು ಹುಡುಕಿ ಮದುವೆಯಾಗುತ್ತಾನೆ; ತಾಳಿಯಷ್ಟೇ ತಡ ಎಂಬಂತೆ ಅವಳ ಬಾಯಿ ಬಿಚ್ಚಿಕೊಳ್ಳುತ್ತದೆ; ಕೊನೆಗೆ ನೋಡಿದರೆ ಅವಳು ಹೆಣ್ಣೇ ಅಲ್ಲ, ಹುಡುಗ.

ಹೆಂಗಸರು ರಂಗವೇರುವುದನ್ನು ಕಾನೂನು ನಿಷೇಧಿಸಿತ್ತೇ?

ಇಲ್ಲ. ಅಂಥ ಶಾಸನವೇ ಇರಲಿಲ್ಲ, ಅದು ರೂಢಿ. ಲಂಡನ್ನಿನ ವೃತ್ತಿ ಕಂಪನಿಗಳಲ್ಲಿ ನಟಿಯರು ಇರಲಿಲ್ಲ ಅಷ್ಟೆ. ಪ್ರೇಕ್ಷಕರಲ್ಲಿ ಹೆಂಗಸರು ಧಾರಾಳವಾಗಿದ್ದರು. ನಾಟಕಶಾಲೆಯ ಬಾಗಿಲಲ್ಲಿ ಹಣ ವಸೂಲಿ ಮಾಡುವವರಲ್ಲೂ ಇದ್ದರು. ಅರಮನೆಯ ಮಾಸ್ಕ್ ಎಂಬ ನೃತ್ಯಪ್ರದರ್ಶನಗಳಲ್ಲಿ ರಾಣಿಯೇ ಭಾಗವಹಿಸುತ್ತಿದ್ದಳು. 1605ರ 'ದಿ ಮಾಸ್ಕ್ ಆಫ್ ಬ್ಲ್ಯಾಕ್‌ನೆಸ್'ನಲ್ಲಿ ರಾಣಿ ಆ್ಯನ್ ಮತ್ತು ಸಖಿಯರು ಮೈಗೆ ಕಪ್ಪು ಬಳಿದುಕೊಂಡು ಕುಣಿದರು. ಆದರೆ ಗಮನಿಸಿ, ಅವರಿಗೆ ಮಾತಿರಲಿಲ್ಲ.

1629ರಲ್ಲಿ ಫ್ರಾನ್ಸಿನ ತಂಡವೊಂದು ನಟಿಯರನ್ನು ಕರೆದುಕೊಂಡು ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ನಾಟಕಶಾಲೆಗೆ ಬಂದಾಗ ಪ್ರೇಕ್ಷಕರು ಕೂಗಿ, ಸೇಬು ಎಸೆದು ಓಡಿಸಿದರೆಂದು ಆ ಕಾಲದ ಪತ್ರವೊಂದು ಹೇಳುತ್ತದೆ. ಕೆಲವೇ ವರ್ಷಗಳಲ್ಲಿ ವಿಲಿಯಂ ಪ್ರಿನ್ ಎಂಬ ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರಾಟೆಸ್ಟಂಟ್ ಪಂಗಡದ) ವಕೀಲ ನಾಟಕದ ವಿರುದ್ಧ ದಪ್ಪ ಪುಸ್ತಕ ಬರೆದು, ವಿಷಯಸೂಚಿಯಲ್ಲಿ ನಟಿಯರನ್ನು ವೇಶ್ಯೆಯರೆಂದು ಕರೆದ. ಅವನ ದುರದೃಷ್ಟಕ್ಕೆ ಅದೇ ಚಳಿಗಾಲದಲ್ಲಿ ರಾಣಿ ಹೆನ್ರಿಯೆಟಾ ಮರಿಯಾ ಅರಮನೆಯ ನಾಟಕವೊಂದರಲ್ಲಿ ಪಾತ್ರ ಮಾಡಿದ್ದಳು. 1634ರಲ್ಲಿ ಪ್ರಿನ್‌ನ ಕಿವಿ ಕತ್ತರಿಸಲಾಯಿತು.

ನಟಿಯರು ಬಂದದ್ದು ರಾಜಪ್ರಭುತ್ವ ಮರಳಿದ ಮೇಲೆ. 1660ರ ಡಿಸೆಂಬರ್ 8ರಂದು ವೀರ್ ಸ್ಟ್ರೀಟ್ ರಂಗಮಂದಿರದಲ್ಲಿ ಹೆಂಗಸೊಬ್ಬಳು 'ಒಥೆಲೊ'ದ ನಾಯಕಿ ಡೆಸ್ಡಿಮೋನಾ ಆಗಿ ಬಂದದ್ದನ್ನು ಸಾಮಾನ್ಯವಾಗಿ ಆರಂಭದ ದಿನವೆಂದು ಎಣಿಸುತ್ತಾರೆ. 1662ರ ರಾಜಾಜ್ಞೆ ಹೆಣ್ಣುಪಾತ್ರಗಳನ್ನು ಹೆಂಗಸರೇ ಮಾಡಬೇಕೆಂದಿತು.

ಅಂದರೆ ನಮ್ಮ ಯಕ್ಷಗಾನದ ಸ್ತ್ರೀವೇಷದ ಹಾಗೆಯೇ?

ಹೋಲಿಕೆ ಒಂದಿಷ್ಟು ದೂರ ಬರುತ್ತದೆ, ಆಮೇಲೆ ಕೈಕೊಡುತ್ತದೆ. ನಮ್ಮಲ್ಲಿ ಸ್ತ್ರೀವೇಷಧಾರಿ ನಡುವಯಸ್ಸು ದಾಟಿಯೂ ಅದನ್ನೇ ಕಟ್ಟುತ್ತಿರಬಹುದು; ಅದು ಜೀವಮಾನದ ಪರಿಣತಿ. ಲಂಡನ್ನಿನಲ್ಲಿ ಅದು ಹುಡುಗರ ಕೆಲಸ. ಹಿರಿಯ ನಟನ ಬಳಿ ಶಾಗಿರ್ದನಾಗಿ ಸೇರಿದ ಹುಡುಗ ಸುಮಾರು ಹನ್ನೆರಡರಿಂದ ಇಪ್ಪತ್ತು ದಾಟುವವರೆಗೆ ಹೆಣ್ಣುಪಾತ್ರ ಮಾಡಿ, ಅನಂತರ ಗಂಡುಪಾತ್ರಕ್ಕೆ ಹೋಗುತ್ತಿದ್ದ.

ನಂಬುವಂತಿತ್ತೇ ಎಂದರೆ, 1610ರಲ್ಲಿ ಆಕ್ಸ್‌ಫರ್ಡಿನಲ್ಲಿ 'ಒಥೆಲೊ' ನೋಡಿದ ಹೆನ್ರಿ ಜಾಕ್ಸನ್ ಎಂಬ ವಿದ್ವಾಂಸ ಲ್ಯಾಟಿನ್ ಪತ್ರವೊಂದರಲ್ಲಿ ಬರೆದಿದ್ದಾನೆ: ಡೆಸ್ಡಿಮೋನಾ ಉದ್ದಕ್ಕೂ ಚೆನ್ನಾಗಿ ನಟಿಸಿದಳು, ಆದರೆ ಸತ್ತು ಹಾಸಿಗೆಯಲ್ಲಿ ಮಲಗಿದಾಗ ಮುಖಭಾವದಿಂದಲೇ ನೋಡುವವರ ಕರುಣೆ ಬೇಡಿದಳು. ಹುಡುಗ ಎಂಬ ಸೊಲ್ಲೇ ಇಲ್ಲ.

ಜೂಲಿಯೆಟ್‌ಗೆ ಹದಿನಾಲ್ಕೂ ತುಂಬಿರಲಿಲ್ಲ. ಆಗ ಅಷ್ಟು ಬೇಗ ಮದುವೆಯೇ?

ಸಾಮಾನ್ಯ ಜನರಲ್ಲಿ ಇಲ್ಲ. ಇಂಗ್ಲೆಂಡಿನ ಹೆಣ್ಣುಮಕ್ಕಳ ಮದುವೆಯ ಸರಾಸರಿ ವಯಸ್ಸು ಇಪ್ಪತ್ತೈದರ ಆಸುಪಾಸಿನಲ್ಲಿತ್ತು. ಕೂಲಿನಾಲಿ ಮಾಡಿ ನಾಲ್ಕು ಕಾಸು ಕೂಡಿಟ್ಟ ಮೇಲೆಯೇ ಸಂಸಾರ. ಕಾನೂನಿನ ಕನಿಷ್ಠ ಮಿತಿ ಮಾತ್ರ ಹುಡುಗಿಗೆ 12. ಆರ್ಥರ್ ಬ್ರೂಕ್ 1562ರಲ್ಲಿ ಬರೆದ ಕಥನಕಾವ್ಯದಲ್ಲಿ ಜೂಲಿಯೆಟ್‌ಗೆ ಹದಿನಾರರ ಹತ್ತಿರ. ಷೇಕ್ಸ್‌ಪಿಯರ್ ಬೇಕೆಂದೇ ಇನ್ನೂ ಇಳಿಸಿದ. ಅವಳ ತಂದೆ ಮೊದಲನೆಯ ಅಂಕದಲ್ಲಿ 'ಇನ್ನೂ ಎರಡು ಬೇಸಿಗೆ ಕಳೆಯಲಿ, ಅವಳೂ ಒಪ್ಪಬೇಕಲ್ಲ' ಎನ್ನುತ್ತಾನೆ. ಮೂರನೆಯ ಅಂಕದಲ್ಲಿ 'ಒಪ್ಪದಿದ್ದರೆ ಬೀದಿಯಲ್ಲಿ ಬಿದ್ದು ಸಾಯಿ' ಎನ್ನುತ್ತಾನೆ. ಮಗಳ ಒಪ್ಪಿಗೆ ಎಲ್ಲಿಯವರೆಗೆ ಬೇಕಿತ್ತು ಎಂಬುದನ್ನು ಇದಕ್ಕಿಂತ ಚುರುಕಾಗಿ ತೋರಿಸಿದ ದೃಶ್ಯ ಕಡಿಮೆ.

'ದಿ ಡಚೆಸ್ ಆಫ್ ಮಾಲ್ಫಿ'ಯ ನಾಯಕಿ ಮಾಡಿದ ತಪ್ಪಾದರೂ ಏನು?

ಕಾನೂನಿನ ಕಣ್ಣಿನಲ್ಲಿ ಏನೂ ಇಲ್ಲ, ನಾಟಕದ ಬಲ ಇರುವುದೇ ಅಲ್ಲಿ. ಜಾನ್ ವೆಬ್‌ಸ್ಟರ್ ಇದನ್ನು 1613-14ರ ಸುಮಾರಿಗೆ ಷೇಕ್ಸ್‌ಪಿಯರನ ಕಂಪನಿಗೇ ಬರೆದುಕೊಟ್ಟ, ಅಚ್ಚಾದದ್ದು 1623ರಲ್ಲಿ. ಮೂಲ ಕಥೆ ಇಟಲಿಯ ಜೊವಾನ್ನಾ ದ ಅರಗೋನಾ ಎಂಬ ನಿಜವಾದ ಡಚೆಸ್‌ಳದು.

ಎಳೆಯ ವಿಧವೆ. ಮರುಮದುವೆಯ ಮಾತೆತ್ತಬೇಡ ಎಂದು ಇಬ್ಬರು ಅಣ್ಣತಮ್ಮಂದಿರು, ಒಬ್ಬ ಕಾರ್ಡಿನಲ್, ಇನ್ನೊಬ್ಬ ಅವಳ ಜೊತೆಯಲ್ಲೇ ಹುಟ್ಟಿದ ಫರ್ಡಿನಂಡ್, ಉಪದೇಶ ಮಾಡಿ ಹೊರಡುತ್ತಾರೆ. ಅವರು ಬೆನ್ನು ತಿರುಗಿಸಿದ್ದೇ ತಡ, ಅವಳು ತನ್ನ ಮನೆವಾರ್ತೆ ನೋಡಿಕೊಳ್ಳುವ ಆಂಟೋನಿಯೊನನ್ನು ಕರೆಸಿ, ನಿನ್ನ ಕಣ್ಣು ಕೆಂಪಾಗಿದೆ, ಅದಕ್ಕೆ ಇದು ಒಳ್ಳೆಯದು ಎಂದು ತನ್ನ ಉಂಗುರ ಕೊಡುತ್ತಾಳೆ. ದೊಡ್ಡ ಮನೆತನದಲ್ಲಿ ಹುಟ್ಟಿದವರ ಸಂಕಟ ನೋಡು, ನಮ್ಮನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ, ನಾವೇ ಕೇಳಬೇಕು ಎನ್ನುತ್ತಾಳೆ. ಪರದೆಯ ಹಿಂದೆ ಸಖಿ ಕ್ಯಾರಿಯೋಲಾ ಸಾಕ್ಷಿಯಾಗಿ ನಿಂತಿದ್ದಾಳೆ. ಕೋಣೆಯೊಳಗೆ ವರ್ತಮಾನ ಕಾಲದ ಮಾತಿನಲ್ಲಿ, ಅಂದರೆ ಮುಂದೆಂದೋ ಅಲ್ಲ, ಈಗಲೇ ವರಿಸುತ್ತೇನೆ ಎಂದು ಒಪ್ಪಿಕೊಂಡರೆ ಅದು ಪೂರ್ಣ ಮದುವೆಯೇ ಎಂದು ವಕೀಲರು ಹೇಳುವುದನ್ನು ಕೇಳಿದ್ದೇನೆ ಎಂದು ಅವಳೇ ಹೇಳುತ್ತಾಳೆ. ಸರಿಯಾದ ಮಾತು. ಇಂಗ್ಲೆಂಡಿನ ಚರ್ಚ್ ಕಾನೂನಿನಲ್ಲಿ ಇಂಥ ಮದುವೆ ಅಶಿಸ್ತಿನದಾದರೂ ಸಿಂಧುವೇ. ಅದನ್ನು ತೆಗೆದುಹಾಕಿದ ಕಾಯಿದೆ ಬಂದದ್ದು 1753ರಲ್ಲಿ. ಕತ್ತಲಲ್ಲಿ ಮೋಹಕ್ಕೆ ಬಿದ್ದವಳಲ್ಲ ಇವಳು, ಕಾನೂನು ತಿಳಿದು ಹೆಜ್ಜೆ ಇಟ್ಟವಳು.

ಅಣ್ಣತಮ್ಮಂದಿರಿಗೆ ಯಾಕೆ ಕೋಪ? ಕುಲಗೌರವ ಎಂಬುದು ಬಾಯಿಮಾತು. ಅವಳು ವಿಧವೆಯಾಗಿಯೇ ಉಳಿದು ಸತ್ತಿದ್ದರೆ ಅಪಾರ ಸಂಪತ್ತು ನನ್ನದಾಗುತ್ತಿತ್ತು ಎಂದು ಫರ್ಡಿನಂಡ್ ಅವಳನ್ನು ಕೊಲ್ಲಿಸಿದ ಮೇಲೆ ಬಾಯಿಬಿಡುತ್ತಾನೆ. ಆದರೆ ಹಣವೊಂದೇ ಆಗಿದ್ದರೆ ಅವನಿಗೆ ಹುಚ್ಚು ಹಿಡಿಯಬೇಕಿರಲಿಲ್ಲ, ತೋಳನೆಂದು ಭ್ರಮಿಸಿ ಅಲೆಯಬೇಕಿರಲಿಲ್ಲ. ತಂಗಿಯ ದೇಹವನ್ನು ಕಲ್ಪಿಸಿಕೊಂಡು ಅವನು ಆಡುವ ಮಾತುಗಳನ್ನು ಓದಿದರೆ, ಮನೆತನದ ಮಾನ ಕಾಯುವವರ ಒಳಗೆ ಏನೇನು ಕುದಿಯುತ್ತಿರುತ್ತದೆ ಎಂಬುದು ವೆಬ್‌ಸ್ಟರನಿಗೆ ಗೊತ್ತಿತ್ತು ಎನಿಸುತ್ತದೆ.

ನಾಲ್ಕನೆಯ ಅಂಕದಲ್ಲಿ ಅವಳ ಕೈಗೆ ಸತ್ತವನ ಕೈಯನ್ನು ಕೊಡುತ್ತಾರೆ, ಗಂಡ ಮಕ್ಕಳ ಮೇಣದ ಹೆಣಗಳನ್ನು ತೋರಿಸುತ್ತಾರೆ, ಹುಚ್ಚರನ್ನು ಕುಣಿಸುತ್ತಾರೆ. 'ನಾನು ಈಗಲೂ ಮಾಲ್ಫಿಯ ಡಚೆಸ್' ಎಂಬ ಪ್ರಸಿದ್ಧ ಸಾಲು ಇಲ್ಲಿಯದು. ನನಗೆ ಅದಕ್ಕಿಂತ ಹೆಚ್ಚು ನಾಟುವುದು ಅದರ ಆಚೆಗಿನ ಮಾತು. ಕೊರಳಿಗೆ ಹಗ್ಗ ಬೀಳುವ ಮುನ್ನ ಅವಳು ಸಖಿಗೆ ಹೇಳುತ್ತಾಳೆ: ಚಿಕ್ಕವನಿಗೆ ನೆಗಡಿ, ಔಷಧದ ಪಾಕ ಕೊಡು, ಮಗಳು ಮಲಗುವ ಮುಂಚೆ ಪ್ರಾರ್ಥನೆ ಹೇಳಲಿ. ಇದೇ ಕಥೆಯನ್ನು ಮೊದಲು ಇಂಗ್ಲಿಷಿನಲ್ಲಿ ಹೇಳಿದ ವಿಲಿಯಂ ಪೇಂಟರ್ ಅವಳ ಚಾಪಲ್ಯವೇ ಕಾರಣವೆಂದು ಬುದ್ಧಿ ಹೇಳಿದ್ದ. ವೆಬ್‌ಸ್ಟರ್ ಆ ಬುದ್ಧಿಮಾತನ್ನು ಕೊಲೆಗಾರರ ಬಾಯಿಗೆ ಹಾಕಿದ. ನಾಟಕ ಮುಗಿಯುವಾಗ ಉಳಿದ ಮಗನಿಗೆ ತಾಯಿಯ ಹಕ್ಕಿನಿಂದಲೇ ಪಟ್ಟ ಕಟ್ಟೋಣ ಎನ್ನುತ್ತಾರೆ.

ಗಂಡನನ್ನು ಕೊಂದವಳನ್ನು ಸುಡುತ್ತಿದ್ದರು ಎಂಬುದು ನಿಜವೇ?

ನಿಜ. 1352ರ ಶಾಸನದ ಪ್ರಕಾರ ಹೆಂಡತಿ ಗಂಡನನ್ನೋ ಆಳು ಒಡೆಯನನ್ನೋ ಕೊಂದರೆ ಅದು ಬರಿಯ ಕೊಲೆಯಲ್ಲ, ಕಿರು ರಾಜದ್ರೋಹ. ಹೆಂಗಸಿಗೆ ಶಿಕ್ಷೆ ಸುಡುವುದು. ಗಂಡ ಹೆಂಡತಿಯನ್ನು ಕೊಂದರೆ ಸಾಮಾನ್ಯ ಕೊಲೆ. ಹೆಂಗಸರನ್ನು ಸುಡುವ ಶಿಕ್ಷೆ ರದ್ದಾದದ್ದು 1790ರಲ್ಲಿ.

1551ರ ಫೆಬ್ರವರಿಯಲ್ಲಿ ಕೆಂಟ್ ಪ್ರಾಂತ್ಯದ ಫ್ಯಾವರ್‌ಶಾಮಿನಲ್ಲಿ ಥಾಮಸ್ ಆರ್ಡೆನ್ ಎಂಬ ಸಿರಿವಂತ ತನ್ನ ಮನೆಯಲ್ಲೇ ಕೊಲೆಯಾದ. ಹೆಂಡತಿ ಆಲಿಸ್, ಅವಳ ಪ್ರಿಯಕರ ಮೋಸ್ಬಿ, ಮನೆಯ ಆಳುಗಳು ಸಿಕ್ಕಿಬಿದ್ದರು. ಆಲಿಸ್‌ಳನ್ನು ಕ್ಯಾಂಟರ್ಬರಿಯಲ್ಲಿ ಸುಟ್ಟರು. ಹಾಲಿನ್‌ಶೆಡ್‌ನ ಇತಿಹಾಸ ಗ್ರಂಥದಲ್ಲಿ ರಾಜಮಹಾರಾಜರ ನಡುವೆ ಈ ಊರಿನ ಕೊಲೆಗೂ ಪುಟಗಟ್ಟಲೆ ಜಾಗ ಸಿಕ್ಕಿತು, 1592ರಲ್ಲಿ ಕರ್ತೃವಿನ ಹೆಸರಿಲ್ಲದೆ 'ಆರ್ಡೆನ್ ಆಫ್ ಫ್ಯಾವರ್‌ಶಾಮ್' ನಾಟಕ ಅಚ್ಚಾಯಿತು.

ಮುಖಪುಟವೇನೋ ದುಷ್ಟ ಹೆಂಗಸಿನ ಕಪಟದ ಕಥೆ ಎಂದು ಸಾರುತ್ತದೆ. ಒಳಗೆ ಹೋದರೆ ಚಿತ್ರ ಬೇರೆ. ಮೊದಲ ದೃಶ್ಯದಲ್ಲೇ ಆರ್ಡೆನ್ನನ ಕೈಗೆ ಮಠದ ಜಮೀನಿನ ಹಕ್ಕುಪತ್ರ ಬರುತ್ತದೆ, ಅವನಿಂದ ಜಮೀನು ಕಳೆದುಕೊಂಡವರು ಶಪಿಸುತ್ತಾರೆ. ಅದೇ ದೃಶ್ಯದಲ್ಲಿ ಆಲಿಸ್ ವಾದಿಸುತ್ತಾಳೆ: ಪ್ರೇಮ ದೇವರು, ಮದುವೆ ಬರೀ ಮಾತು, ಆದ್ದರಿಂದ ನನ್ನ ಮೇಲೆ ಮೋಸ್ಬಿಯ ಹಕ್ಕೇ ಗಟ್ಟಿ. ಗಂಡ ನೆಲದ ಬಗ್ಗೆ ಆಡುವ ಭಾಷೆಯನ್ನೇ ಅವಳು ತನ್ನ ಬಗ್ಗೆ ಆಡುತ್ತಾಳೆ. ಅವಳು ಒಳ್ಳೆಯವಳೆಂದು ನಾಟಕ ಹೇಳುವುದಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಬಿಡುಗಡೆಗೆ ಬೇರೆ ಬಾಗಿಲು ಇರಲಿಲ್ಲ ಎಂಬುದೂ ದಿಟ: ಚರ್ಚಿನ ನ್ಯಾಯಾಲಯ ಕೊಡುತ್ತಿದ್ದ ವಿಚ್ಛೇದನ ಎಂದರೆ ಬೇರೆ ಬೇರೆ ಇರಲು ಅನುಮತಿ ಅಷ್ಟೆ, ಮರುಮದುವೆ ಇಲ್ಲ.

'ದಿ ಟೇಮಿಂಗ್ ಆಫ್ ದಿ ಶ್ರೂ' ಬರೆದ ಷೇಕ್ಸ್‌ಪಿಯರ್ ಸ್ತ್ರೀದ್ವೇಷಿಯೇ?

ಈ ಪ್ರಶ್ನೆಗೆ ಹೌದು ಅಲ್ಲ ಎಂದು ಜಗಳವಾಡುವುದಕ್ಕಿಂತ, ಆ ಕಾಲದವರೇ ಏನು ಮಾಡಿದರು ನೋಡುವುದು ಲೇಸು. ಗಯ್ಯಾಳಿ ಕ್ಯಾಥರೀನಾಳಿಗೆ ಊಟ ನಿದ್ದೆ ಕೊಡದೆ ಗಂಡ ಪೆಟ್ರೂಕಿಯೊ ಪಳಗಿಸುತ್ತಾನೆ. ಕೊನೆಗೆ ಅವಳು ವಿಧೇಯತೆಯ ಬಗ್ಗೆ ನಲವತ್ತಕ್ಕೂ ಹೆಚ್ಚು ಸಾಲಿನ ಭಾಷಣ ಮಾಡುತ್ತಾಳೆ. ವಿಧೇಯಳಾದೆ ಎಂದು ಸಾರಲು ನಾಟಕದಲ್ಲೇ ಅತಿ ಉದ್ದದ ಮಾತು ಬೇಕಾಯಿತು ಎಂಬುದನ್ನು ಮರೆಯಬೇಡಿ.

ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಜಾನ್ ಫ್ಲೆಚರ್ ಮುಂದಿನ ಭಾಗ ಬರೆದ: 'ದಿ ವುಮನ್ಸ್ ಪ್ರೈಜ್', ಅಂದರೆ ಪಳಗಿಸುವವನನ್ನೇ ಪಳಗಿಸಿದ ಕಥೆ. ಕ್ಯಾಥರೀನಾ ಸತ್ತಿದ್ದಾಳೆ, ಪೆಟ್ರೂಕಿಯೊ ಮರಿಯಾಳನ್ನು ಮದುವೆಯಾಗಿದ್ದಾನೆ. ಮೊದಲ ರಾತ್ರಿಯೇ ಅವಳು ಮಹಡಿ ಏರಿ ಬಾಗಿಲು ಭದ್ರಪಡಿಸಿಕೊಂಡು ಷರತ್ತು ಹಾಕುತ್ತಾಳೆ. ಊರಿನ ಹೆಂಗಸರು, ಹಳ್ಳಿಯ ಹೆಂಗಸರು ದಂಡುಗಟ್ಟಿ ಅವಳ ಬೆಂಬಲಕ್ಕೆ ಬರುತ್ತಾರೆ. ಗಂಡುಹೆಣ್ಣುಗಳಿಬ್ಬರಿಗೂ ಸಮಾನತೆ ಕಲಿಸಲೆಂದೇ ಈ ನಾಟಕ ಎಂದು ಭರತವಾಕ್ಯ ಹೇಳುತ್ತದೆ. 1633ರ ಅಕ್ಟೋಬರಿನಲ್ಲಿ ನಾಟಕಗಳ ಪರಿಶೀಲನಾಧಿಕಾರಿ ಹೆನ್ರಿ ಹರ್ಬರ್ಟ್ ಅದರ ಪ್ರದರ್ಶನ ತಡೆದ. ಕಾರಣ ಹೆಂಡತಿಯ ಬಂಡಾಯವಲ್ಲ, ಆಣೆಪ್ರಮಾಣ ಮತ್ತು ಅಶ್ಲೀಲ ಮಾತು. ತಿದ್ದಿದ ಮೇಲೆ ನವೆಂಬರ್ 26ಕ್ಕೆ ಷೇಕ್ಸ್‌ಪಿಯರನ ನಾಟಕ, 28ಕ್ಕೆ ಫ್ಲೆಚರನದು ರಾಜರಾಣಿಯರ ಮುಂದೆ ನಡೆದವು. ಹರ್ಬರ್ಟ್ ಬರೆದುಕೊಂಡ: ಮೊದಲನೆಯದು ಮೆಚ್ಚುಗೆಯಾಯಿತು, ಎರಡನೆಯದು ಬಹಳ ಮೆಚ್ಚುಗೆಯಾಯಿತು.

ಹೆಂಗಸರು ನಾಟಕ ಬರೆಯಲಿಲ್ಲವೇ?

ಬರೆದರು, ಆದರೆ ಲಂಡನ್ನಿನ ರಂಗಕ್ಕಲ್ಲ. ಎಲಿಜಬೆತ್ ಕೇರಿಯ 'ದಿ ಟ್ರ್ಯಾಜಿಡಿ ಆಫ್ ಮರಿಯಮ್' 1613ರಲ್ಲಿ ಅಚ್ಚಾಯಿತು. ಹೆಂಗಸೊಬ್ಬಳು ಸ್ವತಂತ್ರವಾಗಿ ಬರೆದು ಪ್ರಕಟವಾದ ಮೊದಲ ಇಂಗ್ಲಿಷ್ ನಾಟಕವೆಂದು ಅದಕ್ಕೆ ಹೆಸರು. ಓದುವುದಕ್ಕೆಂದು ಬರೆದದ್ದು. ಯಹೂದಿ ದೊರೆ ಹೆರೋದನ ಹೆಂಡತಿ ಮರಿಯಮ್ ಬಾಯಿ ತೆರೆದ ಮೊದಲ ಸಾಲಿನಲ್ಲೇ, ತಾನು ಎಷ್ಟು ಸಲ ಎಲ್ಲರೆದುರು ದನಿಯೆತ್ತಿ ಮಾತಾಡಿದ್ದೇನೆ ಎಂದುಕೊಳ್ಳುತ್ತಾಳೆ. ಶೀಲದಲ್ಲಿ ಅವಳಿಗೆ ಕುಂದಿಲ್ಲ, ಮೌನದಲ್ಲಿ ಮಾತ್ರ ನಪಾಸು. ಹೆಂಡತಿಯಾದವಳಿಗೆ ಯೋಚನೆಗಳೂ ಸ್ವಂತವಲ್ಲ ಎಂದು ಮೇಳದವರು ಉಪದೇಶಿಸುತ್ತಾರೆ. ಅವಳ ತಲೆ ಹೋಗುತ್ತದೆ. ಇತ್ತ ಹೆರೋದನ ತಂಗಿ ಸಲೋಮೆ, ಗಂಡಸರಿಗಷ್ಟೇ ಯಾಕೆ ವಿಚ್ಛೇದನದ ಸವಲತ್ತು, ಈ ರೂಢಿ ಮುರಿಯುವವಳು ನಾನೇ ಎಂದು ಬಿಟ್ಟು, ಬೇಕಾದವರನ್ನೆಲ್ಲ ಮುಗಿಸಿ, ಶಿಕ್ಷೆಯಿಲ್ಲದೆ ಪಾರಾಗುತ್ತಾಳೆ. ಸತ್ಯವಂತೆ ಸಾಯುತ್ತಾಳೆ, ಕಪಟಿ ಉಳಿಯುತ್ತಾಳೆ. ಈ ಲೆಕ್ಕವನ್ನು ಕೇರಿ ಸರಿಪಡಿಸಲು ಹೋಗುವುದಿಲ್ಲ.

ಗಂಡುಡುಗೆ ತೊಟ್ಟ ನಾಯಕಿಯರ ಕಥೆಯೇನು?

ನಾಟಕದೊಳಗೆ ಷೇಕ್ಸ್‌ಪಿಯರನ ನಾಯಕಿಯರಾದ ರೋಸಲಿಂಡ್, ಪೋರ್ಷಿಯಾ ಗಂಡುಡುಗೆ ತೊಟ್ಟರೆ ಚಪ್ಪಾಳೆ. ಹೊರಗೆ ತೊಟ್ಟವಳಿಗೆ ಪ್ರಾಯಶ್ಚಿತ್ತ. ಮೇರಿ ಫ್ರಿತ್ ಎಂಬ ಲಂಡನ್ನಿನ ಹೆಂಗಸು ಗಂಡುಡುಗೆ, ತಂಬಾಕು, ಕತ್ತಿಗಳಿಂದ ಕುಖ್ಯಾತಳು. ಮಿಡಲ್‌ಟನ್ ಮತ್ತು ಡೆಕ್ಕರ್ 1611ರಲ್ಲಿ ಅವಳನ್ನೇ ನಾಯಕಿಯಾಗಿಸಿ 'ದಿ ರೋರಿಂಗ್ ಗರ್ಲ್' ಬರೆದರು. ನಾಟಕದ ಮಾಲ್ ಮದುವೆ ಬೇಡವೆನ್ನುತ್ತಾಳೆ: ಹೆಂಡತಿ ವಿಧೇಯಳಾಗಿರಬೇಕಂತೆ, ನನಗೆ ಅದು ಆಗದ ಕೆಲಸ, ಹಾಸಿಗೆಯ ಎರಡೂ ಮಗ್ಗುಲು ನನಗೇ ಬೇಕು. ನಿಜವಾದ ಮೇರಿ ಫಾರ್ಚೂನ್ ನಾಟಕಶಾಲೆಯ ರಂಗದ ಮೇಲೆ ಬೂಟು, ಕತ್ತಿ ಸಮೇತ ಕುಳಿತು ಲ್ಯೂಟ್ ನುಡಿಸಿ ಹಾಡಿದಳೆಂದು ಚರ್ಚ್ ನ್ಯಾಯಾಲಯದ ದಾಖಲೆ ಹೇಳುತ್ತದೆ. 1612ರ ಫೆಬ್ರವರಿಯಲ್ಲಿ ಸೇಂಟ್ ಪಾಲ್ಸ್ ಬಳಿ ಎಲ್ಲರೆದುರು ಪಶ್ಚಾತ್ತಾಪ ಪಡುವ ಶಿಕ್ಷೆ ಆಯಿತು. ಬಿಕ್ಕಿ ಬಿಕ್ಕಿ ಅತ್ತಳಂತೆ. ಆಮೇಲೆ ಗುಮಾನಿ ಬಂತು, ಅವಳು ಕಂಠಪೂರ್ತಿ ಕುಡಿದಿದ್ದಳೆಂದು.

ಬಡ ಹೆಂಗಸರು ಈ ನಾಟಕಗಳಲ್ಲಿ ಇದ್ದಾರೆಯೇ?

'ದಿ ವಿಚ್ ಆಫ್ ಎಡ್ಮಂಟನ್' ಓದಿ. 1621ರ ಏಪ್ರಿಲಿನಲ್ಲಿ ಎಲಿಜಬೆತ್ ಸಾಯರ್ ಎಂಬ ಮುದುಕಿಯನ್ನು ಮಾಟಗಾತಿಯೆಂದು ನೇಣಿಗೇರಿಸಿದರು. ಅದೇ ವರ್ಷ ಡೆಕ್ಕರ್, ಫೋರ್ಡ್, ರೌಲಿ ಸೇರಿ ನಾಟಕ ಕಟ್ಟಿದರು. ನಾನು ಬಡವಿ, ಕುರೂಪಿ, ಏನೂ ಅರಿಯದವಳು ಎಂದಲ್ಲವೇ ಊರಿನ ಹೊಲಸೆಲ್ಲ ನನ್ನ ಮೇಲೆ ಸುರಿಯುವುದು ಎಂದು ಅವಳು ಮೊದಲ ಪ್ರವೇಶದಲ್ಲೇ ಕೇಳುತ್ತಾಳೆ. ಊರು ಮಾಟಗಾತಿ ಎಂದು ಕರೆದ ಮೇಲೆ ಅವಳು ಮಾಟಗಾತಿಯಾಗುತ್ತಾಳೆ, ಮೊದಲಲ್ಲ. ಅದೇ ನಾಟಕದಲ್ಲಿ ಹೆಂಡತಿಯನ್ನು ಕೊಂದ ಫ್ರ್ಯಾಂಕ್ ನೇಣಿಗೆ ಹೋಗುವಾಗ ಎಲ್ಲರೂ ಕಣ್ಣೀರಿಟ್ಟು ಕ್ಷಮಿಸುತ್ತಾರೆ. ಮುದುಕಿಗೆ ಬೈಗುಳವೇ ಗತಿ.

ಕೊನೆಗೆ ಎಲ್ಲ ದಿಟ್ಟ ಹೆಂಗಸರೂ ಸಾಯುತ್ತಾರೆ. ಮತ್ತೆ ಇವುಗಳಲ್ಲಿ ಏನು ಹೆಚ್ಚುಗಾರಿಕೆ?

ಐದನೆಯ ಅಂಕವನ್ನಷ್ಟೇ ನೋಡಿ ತೀರ್ಪು ಕೊಟ್ಟರೆ ಹೆಚ್ಚುಗಾರಿಕೆ ಏನೂ ಇಲ್ಲ. ಆದರೆ ಪ್ರೇಕ್ಷಕ ಅದಕ್ಕೆ ಮೊದಲು ಎರಡು ಗಂಟೆ ಅವರ ಮಾತು ಕೇಳಿರುತ್ತಾನೆ. 'ಒಥೆಲೊ'ದ ಎಮಿಲಿಯಾಳನ್ನೇ ತೆಗೆದುಕೊಳ್ಳಿ. ಬಾಯಿ ಮುಚ್ಚಿಕೊಂಡು ಮನೆಗೆ ನಡೆ ಎಂದು ಗಂಡ ಇಯಾಗೊ ಗದರಿದಾಗ, ಅವನ ಮಾತು ಕೇಳುವುದು ನನ್ನ ಧರ್ಮ, ಆದರೆ ಈಗಲ್ಲ ಎನ್ನುತ್ತಾಳೆ. ಇರಿದು ಕೊಲ್ಲುತ್ತಾನೆ. ಅಷ್ಟರಲ್ಲಿ ಸತ್ಯ ಹೊರಬಿದ್ದಿರುತ್ತದೆ, ಇಡೀ ನಾಟಕದ ಗಂಟು ಬಿಚ್ಚುವುದು ಅವಳ ಆ ಅವಿಧೇಯತೆಯಿಂದ.

ಹಾಗೆಂದು ಎಲ್ಲ ನಾಟಕಗಳಿಗೂ ಮಾಫಿ ಕೊಡಬೇಕಾಗಿಲ್ಲ. ಥಾಮಸ್ ಹೇವುಡ್‌ನ 'ಎ ವುಮನ್ ಕಿಲ್ಡ್ ವಿತ್ ಕೈಂಡ್‌ನೆಸ್' 1603ರದು. ಪರಪುರುಷನೊಡನೆ ಸಿಕ್ಕಿಬಿದ್ದ ಆ್ಯನ್‌ಳನ್ನು ಗಂಡ ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಬೇರೆ ಮನೆಯಲ್ಲಿಟ್ಟು ಮಕ್ಕಳ ಮುಖ ಕಾಣದಂತೆ ಮಾಡುತ್ತಾನೆ. ಅವಳು ಅನ್ನ ಬಿಟ್ಟು ಸಾಯುತ್ತಾಳೆ, ಅವನು ಬಂದು ಕ್ಷಮಿಸುತ್ತಾನೆ. ಅವಳನ್ನು ಕೆಡಿಸಿದ ವೆಂಡಾಲ್ ಪರದೇಶಗಳಿಗೆ ಹೋಗಿ ನಾಲ್ಕು ಭಾಷೆ ಕಲಿತು ಬಂದರೆ ದರ್ಬಾರಿನಲ್ಲಿ ಮೇಲೆ ಬರಬಹುದೆಂದು ಲೆಕ್ಕ ಹಾಕುತ್ತಾ ಹೊರಡುತ್ತಾನೆ. ಈ ದಯೆಗಿಂತ ವೆಬ್‌ಸ್ಟರನ ಹಗ್ಗವೇ ಪ್ರಾಮಾಣಿಕ.

ಕನ್ಯತ್ವ ಪರೀಕ್ಷೆಯ ದೃಶ್ಯ ಯಾವ ನಾಟಕದ್ದು?

1622ರ 'ದಿ ಚೇಂಜ್‌ಲಿಂಗ್', ಮಿಡಲ್‌ಟನ್ ಮತ್ತು ರೌಲಿ ಬರೆದದ್ದು. ನಾಯಕಿ ಬಿಯಾಟ್ರಿಸ್-ಜೊವಾನಾ ಗಂಡನ ಕಪಾಟಿನಲ್ಲಿ ಕನ್ಯೆಯನ್ನು ಪತ್ತೆಹಚ್ಚುವ ಔಷಧದ ಸೀಸೆಯನ್ನೂ ಅದರ ಪುಸ್ತಕವನ್ನೂ ಕಂಡು, ಲಕ್ಷಣಗಳನ್ನು ಬಾಯಿಪಾಠ ಮಾಡಿ, ಕೇಳಿದಾಗ ಅದೇ ಕ್ರಮದಲ್ಲಿ ಆಕಳಿಸಿ, ಸೀನಿ, ನಕ್ಕು ತೇರ್ಗಡೆಯಾಗುತ್ತಾಳೆ. ಆ ಪ್ರೇಕ್ಷಕರಿಗೆ 1613ರ ಮೊಕದ್ದಮೆ ನೆನಪಿರಲೇಬೇಕು: ಗಂಡನಾದ ಎಸೆಕ್ಸ್‌ನ ಅರ್ಲ್‌ನಿಂದ ಬಿಡುಗಡೆ ಕೋರಿದ ಫ್ರಾನ್ಸಿಸ್ ಹೋವರ್ಡ್‌ಳನ್ನು ಹಿರಿಯ ಹೆಂಗಸರು ಪರೀಕ್ಷಿಸಿ ಕನ್ಯೆಯೆಂದು ವರದಿ ಕೊಟ್ಟಿದ್ದರು, ಲಂಡನ್ ನಕ್ಕಿತ್ತು.

ಎಲ್ಲಿಂದ ಓದಲು ಆರಂಭಿಸಬೇಕು?

'ಆರ್ಡೆನ್'ನಿಂದ. ಭಾಷೆ ಸರಳ, ಕಥೆ ಓಡುತ್ತದೆ. ಅನಂತರ 'ಮಾಲ್ಫಿ'. 'ಮರಿಯಮ್' ಕಣ್ಣಲ್ಲಿ ಓದಿದರೆ ಒಣಗಲು. ನಾಲ್ಕು ಜನ ಸೇರಿ ಗಟ್ಟಿಯಾಗಿ ಓದಿ, ಮೇಳದ ಭಾಗವನ್ನು ಒಟ್ಟಿಗೆ ಹೇಳಿ. 'ಎಪಿಸೀನ್' ಕೊನೆಗೆ ಸಾಕು, ಅದರ ಹಾಸ್ಯಕ್ಕೆ ಟಿಪ್ಪಣಿ ಬೇಕು. ರಂಗತಂಡದವರಿಗೆ ನನ್ನ ಸಲಹೆ ಒಂದೇ: 'ಶ್ರೂ' ಆಡುವುದಾದರೆ ಫ್ಲೆಚರನದನ್ನೂ ಅದೇ ವಾರ ಆಡಿ, ಪೆಟ್ರೂಕಿಯೊ ಎರಡರಲ್ಲೂ ಒಬ್ಬನೇ ಇರಲಿ.